ಅಚ್ಚಿಗೆ ಮುಂಚಿನ ಕಾಗದ

ಇದು ಉದ್ದದ ಪೋಸ್ಟು, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ಭಾನುವಾರ ಕಡೂರಲ್ಲಿ ನಮ್ಮ ಹುಡುಗರ ಓದುಕೂಟ ಇತ್ತು. ಅಜ್ಜಂಪುರದ ಕಡೆಯಿಂದ ಬಂದಿದ್ದ ಡಿಗ್ರಿ ಓದುವ ಹುಡುಗ ಒಬ್ಬ ಮೊಬೈಲು ಮುಂದೆ ಹಿಡಿದು ಕೇಳಿದ, "ಅಣ್ಣ, ಇದರ ಮೇಲೆ ಪ್ರಿಪ್ರಿಂಟ್ ಅಂತ ಬರೆದಿದೆ. ಹಂಗಂದ್ರೆ ಇದು ನಿಜಾನೋ ಸುಳ್ಳೋ?"

ಒಂದೇ ಮಾತಲ್ಲಿ ಹೇಳಕ್ಕೆ ಹೋಗಿ ತಡವರಿಸಿದೆ. ಈ ಪದದ ಜೊತೆ ನನಗೊಂದು ಹಳೇ ಲೆಕ್ಕ ಬಾಕಿ ಇದೆ. 2018ರಲ್ಲಿ ಒಂದು ಪ್ರಿಪ್ರಿಂಟ್ ಹಿಡಕೊಂಡು ನಾನು ಮಾಡಿದ ಎಡವಟ್ಟು ನಮ್ಮ ತಾಲ್ಲೂಕುಗಳ ಸಂಗಾತಿಗಳು ಕೆಲವರಿಗೆ ನೆನಪಿರಬಹುದು. ಅದನ್ನ ಹೇಳೋಕೆ ಮುಂಚೆ ಈ ವಸ್ತು ಏನು, ಎಲ್ಲಿಂದ ಬಂತು ಅನ್ನೋದನ್ನ ಹೇಳ್ತೀನಿ.

ವಿಜ್ಞಾನಿ ಒಬ್ಬ ಏನೋ ಕಂಡುಹಿಡಿದು ಬರೀತಾನೆ. ಅದನ್ನ ಜರ್ನಲ್‌ಗೆ ಕಳಿಸ್ತಾನೆ. ಸಂಪಾದಕರು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಕೊಟ್ಟು ಓದಿಸ್ತಾರೆ. ಅವರು ಅದು ತಪ್ಪು ಇದು ಸಾಲದು ಅಂತಾರೆ, ಇವನು ತಿದ್ದುತ್ತಾನೆ. ತಿಂಗಳುಗಟ್ಟಲೆ, ಕೆಲವು ಸಲ ವರ್ಷ ದಾಟಿ, ಅಚ್ಚಾಗುತ್ತೆ. ಆಮೇಲೂ ಬಹಳಷ್ಟು ಜರ್ನಲ್‌ಗಳ ಬಾಗಿಲು ಹಾಕಿರುತ್ತೆ. ಒಂದು ಲೇಖನ ಓದಕ್ಕೆ ಎರಡು ಮೂರು ಸಾವಿರ ರೂಪಾಯಿ ಕೇಳ್ತಾರೆ. ಈ ಪರಿಶೀಲನೆ ಮುಗಿಯೋಕೆ ಮುಂಚೆಯೇ, ಬರೆದವರೇ ತಮ್ಮ ಪ್ರತಿಯನ್ನ ಎಲ್ಲರೂ ಪುಕ್ಕಟೆ ಓದೋ ಹಾಗೆ ಇಂಟರ್ನೆಟ್ಟಿಗೆ ಹಾಕಿದರೆ ಅದು ಪ್ರಿಪ್ರಿಂಟ್. ಅಚ್ಚಿಗೆ ಮುಂಚಿನ ಕಾಗದ. ನಿಜ ಅಂತಲೂ ಅಲ್ಲ, ಸುಳ್ಳು ಅಂತಲೂ ಅಲ್ಲ. ಮೊಹರು ಬಿದ್ದಿಲ್ಲ ಅಂತ, ಅಷ್ಟೆ.

ಮೊಹರಿಗೆ ಕಾಯದೆ ಹಂಚೋ ಆತುರ ಕಂಪ್ಯೂಟರಿಗಿಂತ ಹಳೇದು. ನಮ್ಮಲ್ಲೇ ನೋಡಿ. ಸಿ.ವಿ. ರಾಮನ್ ತಮ್ಮ ಪರಿಣಾಮವನ್ನ ಕಂಡಿದ್ದು 1928ರ ಫೆಬ್ರವರಿ 28ಕ್ಕೆ, ಕಲ್ಕತ್ತದಲ್ಲಿ. ಮಾರನೇ ದಿನವೇ ವಾರ್ತಾಸಂಸ್ಥೆಗೆ ತಿಳಿಸಿದರು. ಮಾರ್ಚ್ 16ಕ್ಕೆ ಬೆಂಗಳೂರಿಗೆ ಬಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಉಪನ್ಯಾಸ ಕೊಟ್ಟರು. ಆ ಉಪನ್ಯಾಸವನ್ನ ಅದೇ ತಿಂಗಳು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚು ಹಾಕಿಸಿ, ಪ್ರತಿಗಳನ್ನ ಟಪಾಲಿನಲ್ಲಿ ಹೊರದೇಶದ ವಿಜ್ಞಾನಿಗಳಿಗೆ ಕಳಿಸಿದರು. ಅದೇ ಹೊತ್ತಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಅಂತ ಇಬ್ಬರು ಅದನ್ನೇ ಕಂಡಿದ್ದರು. ಅವರ ಬರಹ ಹೊರಗೆ ಬಂದಿದ್ದು ತಡವಾಗಿ. 1930ರ ನೊಬೆಲ್ ಯಾರಿಗೆ ಬಂತು ಅಂತ ನಿಮಗೆ ಗೊತ್ತು. ರಾಮನ್ನರ ಚುರುಕುತನ ಮೆಚ್ಚಲೇಬೇಕು. ಜೊತೆಗೆ ಇನ್ನೊಂದನ್ನೂ ನೋಡಬೇಕು. ಆ ಪತ್ರಿಕೆ 1926ರಲ್ಲಿ ಅವರೇ ಶುರು ಮಾಡಿದ್ದು. ಪತ್ರಿಕೆ, ಸಂಘ, ವೇದಿಕೆ, ಟಪಾಲು ವಿಳಾಸಗಳು ಎಲ್ಲವೂ ಕೈಯಲ್ಲಿದ್ದವರಿಗೆ ಬಾಗಿಲು ತಟ್ಟೋ ಪ್ರಮೇಯ ಇರಲ್ಲ.

ಮುಂದೆ ಅಮೆರಿಕ, ಯುರೋಪಿನ ಭೌತವಿಜ್ಞಾನಿಗಳು ಟೈಪು ಮಾಡಿದ ಪ್ರತಿಗಳನ್ನ ಅಚ್ಚಿಗೆ ಮುಂಚೆ ಒಬ್ಬರಿಗೊಬ್ಬರು ಕಳಿಸ್ಕೊಳೋದು ರೂಢಿಯಾಯ್ತು. ಕಳಿಸ್ತಿದ್ದಿದ್ದು ಯಾರಿಗೆ? ಪರಿಚಯದವರಿಗೆ, ದೊಡ್ಡ ವಿಶ್ವವಿದ್ಯಾಲಯದವರಿಗೆ. ಮದುವೆ ಕಾಗದ ಹಂಚೋ ಹಾಗೆ, ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ. ಜೀವವಿಜ್ಞಾನದಲ್ಲೂ 1961ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಇಂಥದ್ದೇ ಟಪಾಲು ಬಳಗ ಶುರು ಮಾಡಿತ್ತು, ಮೂರೂವರೆ ಸಾವಿರಕ್ಕೂ ಮೇಲೆ ಜನ ಸೇರಿದ್ದರು. ಹೀಗೆ ಹಂಚಿದ್ದನ್ನ ನಾವು ಅಚ್ಚು ಹಾಕಲ್ಲ ಅಂತ ದೊಡ್ಡ ಜರ್ನಲ್‌ಗಳು ಒಟ್ಟಾಗಿ ಕೂತವು. 1967ಕ್ಕೆ ಬಳಗ ಮುಚ್ಚಿತು.

1991ರ ಆಗಸ್ಟ್ 14ಕ್ಕೆ ಲಾಸ್ ಅಲಾಮೋಸ್‌ನಲ್ಲಿದ್ದ ಪಾಲ್ ಗಿನ್ಸ್‌ಪಾರ್ಗ್ ಅನ್ನೋ ಭೌತವಿಜ್ಞಾನಿ ಒಂದು ಕಂಪ್ಯೂಟರ್ ಇಟ್ಟು, ಯಾರು ಬೇಕಾದರೂ ಇಮೇಲ್ ಕಳಿಸಿ ಲೇಖನ ತರಿಸ್ಕೊಳೋ ವ್ಯವಸ್ಥೆ ಮಾಡಿದರು. ಅದೇ ಇವತ್ತಿನ ಆರ್ಕೈವ್. ಪಟ್ಟಿಯಲ್ಲಿ ಹೆಸರಿಲ್ಲದ ದೂರದ ವಿದ್ಯಾರ್ಥಿಗೂ ದೊಡ್ಡ ಪ್ರೊಫೆಸರಿಗೂ ಕಾಗದ ಒಂದೇ ದಿನ ಸಿಗಬೇಕು ಅನ್ನೋದು ಅವರ ಉದ್ದೇಶಗಳಲ್ಲಿ ಒಂದಾಗಿತ್ತು. ಈಗ ಅಲ್ಲಿ 20 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. 2002ರ ಆಗಸ್ಟ್‌ನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗರವಾಲ್ ಮತ್ತು ಇಬ್ಬರು ವಿದ್ಯಾರ್ಥಿಗಳು ಅವಿಭಾಜ್ಯ ಸಂಖ್ಯೆಯ ಬಗ್ಗೆ ಬರೆದಿದ್ದನ್ನ ಸೀದಾ ಇಂಟರ್ನೆಟ್ಟಿಗೆ ಹಾಕಿದರು. ಕೆಲವೇ ದಿನದಲ್ಲಿ ಜಗತ್ತಿನ ಗಣಿತಜ್ಞರು ಓದಿ ಸರಿ ಅಂದರು. ಜರ್ನಲ್‌ನಲ್ಲಿ ಬಂದಿದ್ದು 2004ಕ್ಕೆ. ಅದೇ 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನವರ ಲೇಖನಗಳನ್ನ ಎಲ್ಲರಿಗೂ ತೆರೆದಿಡೋ ಭಂಡಾರ ಶುರು ಮಾಡಿತು, ದೇಶದಲ್ಲಿ ಅಂಥದ್ದು ಅದೇ ಮೊದಲು. ಜೀವವಿಜ್ಞಾನಕ್ಕೆ ಬಯೋಆರ್ಕೈವ್ 2013ರಲ್ಲಿ, ವೈದ್ಯಕೀಯಕ್ಕೆ ಮೆಡ್‌ಆರ್ಕೈವ್ 2019ರಲ್ಲಿ ಬಂದವು. ನಮ್ಮ ದೇಶದ್ದೇ ಅಂತ ಇಂಡಿಯಾಆರ್ಕೈವ್ ಕೂಡ 2019ರಲ್ಲೇ.

ಇದನ್ನೆಲ್ಲ ಓದುವಾಗ ನನ್ನ ತಲೆಯಲ್ಲಿ ಕೂತಿದ್ದು ಗಿನ್ಸ್‌ಪಾರ್ಗ್ ಅಲ್ಲ, ಬಾಬಾಸಾಹೇಬರು. 1936. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ತನ್ನ ವಾರ್ಷಿಕ ಸಮ್ಮೇಳನಕ್ಕೆ ಅವರನ್ನ ಅಧ್ಯಕ್ಷರಾಗಿ ಕರೆದಿತ್ತು. ಭಾಷಣ ಬರೆದಾಯ್ತು, ಅಚ್ಚಿಗೂ ಹೋಯ್ತು. ಮಂಡಲದವರು ಮುಂಚೆಯೇ ಓದಿ ಹೌಹಾರಿದರು. ವೇದ ಶಾಸ್ತ್ರಗಳ ಪ್ರಮಾಣವನ್ನೇ ಅಲುಗಾಡಿಸೋ ಭಾಗ ಅವರಿಗೆ ಬೇಡವಾಗಿತ್ತು. ಇದನ್ನ ಬಿಡಿ, ಅದನ್ನ ಮೆತ್ತಗೆ ಮಾಡಿ ಅಂದರು. ಬಾಬಾಸಾಹೇಬರು ಒಪ್ಪಲಿಲ್ಲ. ಸಮ್ಮೇಳನವೇ ನಿಂತಿತು. ಮೇ ತಿಂಗಳಲ್ಲಿ ಅವರು ತಮ್ಮ ದುಡ್ಡಿನಲ್ಲೇ 1,500 ಪ್ರತಿ ಹೊರಗೆ ತಂದರು. ಎರಡೇ ತಿಂಗಳಲ್ಲಿ ಖಾಲಿ. ಅದೇ 'ಜಾತಿ ವಿನಾಶ'.

ಇದನ್ನ ಪ್ರಿಪ್ರಿಂಟ್ ಅನ್ನೋದು ಸ್ವಲ್ಪ ಎಳೆದು ಕಟ್ಟಿದ ಹಾಗೆ ಅಂತ ನನಗೂ ಗೊತ್ತು. ಅದು ಪ್ರಯೋಗಾಲಯದ ಕಾಗದ ಅಲ್ಲ. ಆದರೆ ಆಮೇಲೆ ಅವರು ಮಾಡಿದ್ದು ನೋಡಿ. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಟೀಕಿಸಿ ಬರೆದರು. 1937ರ ಎರಡನೇ ಮುದ್ರಣದಲ್ಲಿ ಬಾಬಾಸಾಹೇಬರು ಆ ಟೀಕೆಯನ್ನ ಸೇರಿಸಿ, ಪಕ್ಕದಲ್ಲೇ ತಮ್ಮ ಉತ್ತರವನ್ನೂ ಅಚ್ಚು ಹಾಕಿಸಿದರು. ಟೀಕಿಸಿದವರ ಮಾತನ್ನ ಮುಚ್ಚಿಡಲಿಲ್ಲ. ಪ್ರಿಪ್ರಿಂಟ್‌ನವರು ಈಗ ಹೊಸದಾಗಿ ಹೇಳೋ ಬಹಿರಂಗ ವಿಮರ್ಶೆ, ತಿದ್ದಿದ ಎರಡನೇ ಪ್ರತಿ, ಇವೆಲ್ಲ ನಮಗೆ ಹೊಸದೇನಲ್ಲ. ಎಪ್ಪತ್ತರ ದಶಕದಲ್ಲಿ ನಮ್ಮ ತರೀಕೆರೆಗೆ ಕೂಗಳತೆಯ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟುವ ಕಾಲಕ್ಕೂ ನಮ್ಮವರ ಮಾತನ್ನ ದೊಡ್ಡ ಪತ್ರಿಕೆಗಳು ಹಾಕ್ತವೆ ಅಂತ ಯಾರೂ ಕಾಯ್ತಾ ಕೂರಲಿಲ್ಲ. ಸೈಕ್ಲೋಸ್ಟೈಲ್ ಮಾಡಿದರು, ಕೈಯಿಂದ ಕೈಗೆ ಕೊಟ್ಟರು.

ಈಗ ನನ್ನ ಎಡವಟ್ಟು.

2018ರ ಮಾರ್ಚ್ 31ಕ್ಕೆ ಬಯೋಆರ್ಕೈವ್‌ನಲ್ಲಿ ಒಂದು ಪ್ರಿಪ್ರಿಂಟ್ ಬಂತು. ವಾಗೀಶ್ ನರಸಿಂಹನ್, ಡೇವಿಡ್ ರೈಕ್ ಮತ್ತು ಹತ್ತಿರಹತ್ತಿರ ನೂರು ಜನ ಸೇರಿ ಬರೆದಿದ್ದು. 362 ಪ್ರಾಚೀನ ಅಸ್ಥಿಗಳ ಡಿಎನ್‌ಎ ತೆಗೆದು, ಇವತ್ತಿನ ದಕ್ಷಿಣ ಏಷ್ಯಾದ ಸಮುದಾಯಗಳ ರಕ್ತದ ಮಾದರಿ ಜೊತೆ ಹೋಲಿಸಿದ್ದರು. ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದಲ್ಲಿ ಉತ್ತರದ ಹುಲ್ಲುಗಾವಲಿನ ದನಗಾಹಿ ಜನರ ಅಂಶ ಇಲ್ಲಿಗೆ ಬಂದು ಬೆರೆತಿದೆ, ಸಾಂಪ್ರದಾಯಿಕವಾಗಿ ಪೌರೋಹಿತ್ಯ ಮಾಡುವ ಕೆಲವು ಗುಂಪುಗಳಲ್ಲಿ ಆ ಅಂಶ ಎದ್ದು ಕಾಣುವಷ್ಟು ಹೆಚ್ಚಿದೆ ಅಂತ ಅದರಲ್ಲಿತ್ತು.

ನಾನು ಓದಿದ್ದು ಅದಲ್ಲ. ಬೀರೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯ್ತಾ ಕೂತಿದ್ದಾಗ ಯಾರೋ ಕಳಿಸಿದ ಒಂದು ಸುದ್ದಿಯ ಸ್ಕ್ರೀನ್‌ಶಾಟ್. ರೈಲು ಬರೋದ್ರೊಳಗೆ ಬರೆದುಬಿಟ್ಟೆ. ನೋಡಿ, ವಿಜ್ಞಾನವೇ ಹೇಳಿಬಿಟ್ಟಿದೆ, ಅವರ ರಕ್ತ ಬೇರೆ ನಮ್ಮ ರಕ್ತ ಬೇರೆ, ನಾವೇ ಅಸಲಿ ಮೂಲದವರು, ಬೆರಕೆ ಇಲ್ಲದವರು ಅಂತ. ಸಿಕ್ಕ ಗ್ರೂಪಿಗೆಲ್ಲ ಹಾಕಿದೆ. ಕಡೂರು ಮುಟ್ಟೋದ್ರೊಳಗೆ ಮುನ್ನೂರು ಜೈ ಭೀಮ್ ಬಂದಿದ್ದವು. ಎದೆ ಉಬ್ಬಿತ್ತು.

ಮೂರನೇ ದಿನ ತರೀಕೆರೆಯಿಂದ ನಮ್ಮ ಮೇಷ್ಟ್ರು ಫೋನ್ ಮಾಡಿದರು. ನಿವೃತ್ತ ಶಿಕ್ಷಕರು, ಸೈಕ್ಲೋಸ್ಟೈಲ್ ಕಾಲದವರು. ಹೆಸರು ಬರೆದರೆ ಬೈತಾರೆ.

"ಏನಪ್ಪಾ, ಆ ಕಾಗದ ಓದಿದೀಯಾ?"

"ಓದ್ದೆ ಸಾರ್."

"ಎಷ್ಟು ಪುಟ ಇದೆ?"

ನಾನು ಸುಮ್ಮನಾದೆ.

"ಬಾ ಮನೆಗೆ" ಅಂದರು.

ಹೋದೆ. ಅವರು ಅದನ್ನ ಇಡೀ ಇಳಿಸಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಟ್ಟಿದ್ದರು. ಪುಕ್ಕಟೆ ಸಿಗೋ ಕಾಗದ, ಖರ್ಚು ಆಗಿದ್ದು ಪ್ರಿಂಟಿಗೆ ಮಾತ್ರ. ಮಧ್ಯಾಹ್ನದಿಂದ ದೀಪ ಹಚ್ಚೋ ಹೊತ್ತಿನವರೆಗೂ ಕೂರಿಸಿ ಓದಿಸಿದರು. ಇಂಗ್ಲಿಷು ಇಬ್ಬರಿಗೂ ಕಷ್ಟ. ಆದರೂ ಇಷ್ಟು ತಿಳೀತು. ಬೆರಕೆ ಇಲ್ಲದವರು ಅಂತ ಈ ದೇಶದಲ್ಲಿ ಹುಡುಕಿದರೂ ಸಿಗೋದು ಕಷ್ಟ. ದಕ್ಷಿಣದ ಪೂರ್ವಜರು ಅಂತ ಅವರು ಕರೆಯೋ ಗುಂಪೇ ಸಿಂಧೂ ಕಣಿವೆ ಅಂಚಿನ ಜನ ಮತ್ತು ಇಲ್ಲಿನ ಅತಿ ಹಳೆಯ ಬೇಟೆಗಾರ ಜನ ಬೆರೆತು ಆದದ್ದು. ವ್ಯತ್ಯಾಸ ಇರೋದು ಪ್ರಮಾಣದಲ್ಲಿ. ನಾನು ಬರೆದ "ಬೆರಕೆ ಇಲ್ಲದವರು" ಅನ್ನೋ ಮಾತು ಆ ಕಾಗದದ ಯಾವ ಪುಟದಲ್ಲೂ ಇರಲಿಲ್ಲ. ಅದು ನನ್ನ ತಲೆಯಲ್ಲಿತ್ತು. ನಮ್ಮನ್ನ ಶುದ್ಧ ಅಶುದ್ಧ ಅಂತ ತೂಗಿದ ತಕ್ಕಡಿಯನ್ನೇ ನಾನೂ ಎತ್ತಿಕೊಂಡಿದ್ದೆ, ತಟ್ಟೆ ಮಾತ್ರ ಅದಲು ಬದಲು.

ಆಮೇಲೆ ಮೇಷ್ಟ್ರು ಕಪಾಟಿನಿಂದ ಬಾಬಾಸಾಹೇಬರ ಸಂಪುಟ ತೆಗೆದರು. 1916ರ ಮೇ 9ಕ್ಕೆ, ಇಪ್ಪತ್ತೈದು ವರ್ಷದ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದ ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ ಓದಿದ ಪ್ರಬಂಧ, ಭಾರತದಲ್ಲಿ ಜಾತಿಗಳ ಹುಟ್ಟಿನ ಬಗ್ಗೆ. ಮೊದಲು ಸಹಪಾಠಿಗಳ ಮುಂದೆ ಓದಿದ್ದು, ವರ್ಷ ಕಳೆದು 1917ರ ಮೇನಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚಾಗಿದ್ದು. ಅದರ ತಿರುಳು ಇಷ್ಟು: ಈ ನೆಲದ ಜನ ಮೊದಲೇ ಬೆರೆತವರು. ಜಾತಿ ಹುಟ್ಟಿದ್ದು ರಕ್ತ ಬೇರೆ ಅಂತ ಅಲ್ಲ, ಒಳಗೊಳಗೇ ಮದುವೆ ಅನ್ನೋ ಬಾಗಿಲು ಹಾಕಿಕೊಂಡಾಗ. 1948ರಲ್ಲಿ ಅಸ್ಪೃಶ್ಯರ ಬಗ್ಗೆ ಬರೆದ ಪುಸ್ತಕದಲ್ಲೂ ಜನಾಂಗಭೇದದಿಂದ ಅಸ್ಪೃಶ್ಯತೆ ಬಂತು ಅನ್ನೋ ವಾದವನ್ನ, ಆ ಕಾಲದ ದೇಹಮಾಪನದ ಅಂಕಿಗಳನ್ನೇ ಇಟ್ಟುಕೊಂಡು, ಅವರು ತಳ್ಳಿಹಾಕಿದರು. 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತು ಸಂಗಡಿಗರು, ಹೈದರಾಬಾದಿನ ತಂಗರಾಜ್ ಅವರೂ ಸೇರಿ, ಮಾಡಿದ ಅಧ್ಯಯನ ಹೇಳಿದ್ದೂ ಇದಕ್ಕೆ ಹತ್ತಿರ. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಇಲ್ಲಿನ ಜನ ಧಾರಾಳವಾಗಿ ಬೆರೆತರು, ಆಮೇಲೆ ಬೆರೆಯೋದು ನಿಂತುಹೋಯ್ತು. ಬಾಗಿಲು ಹಾಕಿದ್ದು ಯಾವಾಗ ಅಂತ ಜೀನ್‌ನಲ್ಲೂ ಗುರುತು ಉಳಿದಿದೆ. ಇದರ ಮುಂದೆ ನನ್ನ ಬೀರೂರು ಸ್ಟೇಷನ್ ಪೋಸ್ಟು ಎಷ್ಟು ಪೊಳ್ಳು ನೋಡಿ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಆರ್ಯರು ಹೊರಗಿಂದ ದಂಡೆತ್ತಿ ಬಂದರು ಅನ್ನೋದನ್ನ ಬಾಬಾಸಾಹೇಬರು 1946ರ ಪುಸ್ತಕದಲ್ಲಿ ಒಪ್ಪಿರಲಿಲ್ಲ. ಡಿಎನ್‌ಎ ಕಾಗದ ದಂಡಯಾತ್ರೆ ಅನ್ನಲ್ಲ, ವಲಸೆ ಅನ್ನುತ್ತೆ. ಆ ಮಟ್ಟಿಗೆ ಅವರು ಬರೆದದ್ದಕ್ಕೂ ಇದಕ್ಕೂ ತಾಳೆ ಆಗಲ್ಲ. ಇದನ್ನ ಕೇಳಿದಾಗ ಮೇಷ್ಟ್ರು ಅಂದಿದ್ದು, "ಅವರ ಕಾಲಕ್ಕೆ ಮೂಳೆಯಿಂದ ಡಿಎನ್‌ಎ ತೆಗೆಯೋರು ಇರಲಿಲ್ಲ. ಇದ್ದಿದ್ರೆ ಈ ಕಾಗದ ತರಿಸಿ ಅಂಚಲ್ಲೆಲ್ಲ ಬರ್ಕೊಂಡಿರೋರು. ನಿನ್ನ ಥರ ಫಾರ್ವರ್ಡ್ ಮಾಡ್ತಿರ್ಲಿಲ್ಲ."

ಮಾರನೇ ದಿನ ಅದೇ ಗ್ರೂಪುಗಳಿಗೆ ತಿದ್ದುಪಡಿ ಹಾಕಿದೆ. ಅದಕ್ಕೆ ಹನ್ನೊಂದು ಜೈ ಭೀಮ್ ಬಂತು.

ಆ ಕಡೆಯವರೇನು ಕಡಿಮೆ ಇರಲಿಲ್ಲ. ಅದು ಬರೀ ಪ್ರಿಪ್ರಿಂಟು, ಜರ್ನಲ್‌ನಲ್ಲಿ ಬಂದಿಲ್ಲ, ಕಸ ಅಂತ ಒಂದೂವರೆ ವರ್ಷ ಹೇಳ್ಕೊಂಡು ಬಂದರು. 2019ರ ಸೆಪ್ಟೆಂಬರ್‌ನಲ್ಲಿ ಅದು 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅಷ್ಟರಲ್ಲಿ 362 ಇದ್ದ ಪ್ರಾಚೀನ ಮಾದರಿಗಳು 523 ಆಗಿದ್ದವು. ಸಿಂಧೂ ಅಂಚಿನವರು ಅಂತ ಗುರುತಿಸಿದ್ದು ಮೊದಲು ಮೂರೇ ಜನರನ್ನ, ಅಚ್ಚಾಗುವಾಗ ಹನ್ನೊಂದು. ಮುಖ್ಯ ಮಾತು ನಿಂತಿತು, ಆಧಾರ ಗಟ್ಟಿಯಾಯ್ತು. ಅದೇ ವಾರ 'ಸೆಲ್' ಪತ್ರಿಕೆಯಲ್ಲಿ ರಾಖಿಗಢಿಯ ಒಂದು ಅಸ್ಥಿಯ ಅಧ್ಯಯನವೂ ಬಂತು. ಆ ಹರಪ್ಪ ಕಾಲದ ವ್ಯಕ್ತಿಯಲ್ಲಿ ಹುಲ್ಲುಗಾವಲಿನ ಅಂಶ ಇಲ್ಲ ಅನ್ನೋದು ಅದರ ಮಾತು. ಆ ಅಂಶ ಆಮೇಲೆ ಬಂತು ಅನ್ನೋದಕ್ಕೆ ಇದು ಹೊಂದುತ್ತೆ ಅಂತ ಯಾರಿಗಾದರೂ ಹೊಳೀಬೇಕು. ಆದರೆ ಸುದ್ದಿಯಾಗಿದ್ದು ವಲಸೆಯೇ ಇರಲಿಲ್ಲ ಅಂತ! ಜರ್ನಲ್ಲಿನ ಮೊಹರು ಬಿದ್ದಿದ್ದ ಕಾಗದವೇ ಅದು. ಉಲ್ಟಾ ಓದೋದನ್ನ ಮೊಹರು ತಡೀಲಿಲ್ಲ.

ಹಾಗಂತ ಮೊಹರಿಲ್ಲದ್ದೆಲ್ಲ ಬಂಗಾರ ಅಂತಲ್ಲ. 2020ರ ಜನವರಿ 31ಕ್ಕೆ ದೆಹಲಿಯ ಸಂಶೋಧಕರು ಕೊರೋನಾ ವೈರಸ್ಸಿನಲ್ಲಿ ಎಚ್‌ಐವಿ ಹೋಲುವ ತುಣುಕುಗಳಿವೆ ಅಂತ ಒಂದು ಪ್ರಿಪ್ರಿಂಟ್ ಹಾಕಿದರು. ಬೇರೆ ವಿಜ್ಞಾನಿಗಳು ಮೇಲೆಬಿದ್ದು ತಪ್ಪು ತೋರಿಸಿದರು. ಎರಡೇ ದಿನದಲ್ಲಿ ವಾಪಸ್ ತಗೊಂಡರು. ಆದರೆ ವಾಟ್ಸಪ್ಪಿನಿಂದ ಅದನ್ನ ವಾಪಸ್ ತಗೊಳೋರು ಯಾರು? ಅದು ಬೇಕಂತಲೇ ಮಾಡಿದ ವೈರಸ್ಸು ಅನ್ನೋ ಮಾತು ಎಷ್ಟೋ ತಿಂಗಳಾದ ಮೇಲೂ ನಮ್ಮ ಸಂತೆಯಲ್ಲಿ ಓಡಾಡ್ತಿತ್ತು.

ಕೊನೇದಾಗಿ ನನ್ನ ತಂಗಿ ವಿಷಯ. ಚಿಕ್ಕಪ್ಪನ ಮಗಳು, ಪೌರಕಾರ್ಮಿಕೆ. 2020ರ ಸೆಪ್ಟೆಂಬರಿನಲ್ಲಿ ಸರ್ವೆ ಅಂತ ಅವಳ ರಕ್ತ ತಗೊಂಡರು. ಆ ವರ್ಷ ರಾಜ್ಯದ 30 ಜಿಲ್ಲೆಗಳಲ್ಲಿ 16 ಸಾವಿರಕ್ಕೂ ಹೆಚ್ಚು ಜನರ ಪರೀಕ್ಷೆ ಮಾಡಿ, ಸೋಂಕು ಎಷ್ಟು ಹರಡಿದೆ ಅಂತ ಲೆಕ್ಕ ಹಾಕಿದ್ದರು. ಡಾ. ಗಿರಿಧರ ಬಾಬು ಮತ್ತು ತಂಡದವರ ಆ ಕಾಗದ ಜರ್ನಲ್‌ನಲ್ಲಿ ಬಂದಿದ್ದು 2021ರಲ್ಲಿ. ಅದಕ್ಕೂ ಮೊದಲೇ ಮೆಡ್‌ಆರ್ಕೈವ್‌ನಲ್ಲಿ ಸಿಕ್ತು. ರಾಜ್ಯದ ನೂರಕ್ಕೆ 27 ಜನರಿಗೆ, ಅಂದರೆ ಸುಮಾರು 1.93 ಕೋಟಿ ಜನರಿಗೆ ಸೋಂಕು ತಗುಲಿದೆ ಅಂತ. ಅದಕ್ಕೂ ಮುಂಚೆ ಜೂನ್‌ನಿಂದ ಆಗಸ್ಟ್‌ವರೆಗೆ ಮನೋಜ್ ಮೋಹನನ್ ಮತ್ತು ಸಂಗಡಿಗರು ಮನೆಮನೆಯಲ್ಲಿ ಮಾಡಿದ್ದ ಸರ್ವೆಯ ಪ್ರಿಪ್ರಿಂಟ್‌ನಲ್ಲಿ ಹಳ್ಳಿಯಲ್ಲೇ ನೂರಕ್ಕೆ 44 ಅಂತಿತ್ತು. ಒಂದೇ ರಾಜ್ಯ, ಒಂದೇ ವರ್ಷ, ಎರಡು ಲೆಕ್ಕ. ಪರೀಕ್ಷೆಯ ಕಿಟ್ಟು ಬೇರೆ, ಜನರನ್ನ ಆರಿಸಿದ ರೀತಿ ಬೇರೆ. ಎರಡೂ ತೆರೆದೇ ಇದ್ದಿದ್ದರಿಂದ ನಮ್ಮಂಥವರು ಪಕ್ಕ ಪಕ್ಕ ಇಟ್ಟು ನೋಡಕ್ಕಾಯ್ತು. ಎರಡೂ ಒಪ್ಪೋ ಮಾತು ಒಂದಿತ್ತು. ದಿನಾ ಟಿವಿಯಲ್ಲಿ ಹೇಳ್ತಿದ್ದ ಸಂಖ್ಯೆಗಿಂತ ಸೋಂಕು ಎಷ್ಟೋ ಪಟ್ಟು ಹೆಚ್ಚು, ಅದು ಹಳ್ಳಿಗೂ ಬಂದಾಗಿದೆ ಅನ್ನೋದು.

ತಂಗಿ ಕೇಳಿದಳು, "ಅಣ್ಣ, ನಮ್ ರಕ್ತ ತಗೊಂಡ್ ಹೋದ್ರಲ್ಲ, ಏನ್ ಬರೆದವ್ರೆ ನಮ್ ಬಗ್ಗೆ?"

ಕನ್ನಡ ಮಾಡಿ ಹೇಳಿದೆ. ಗರ್ಭಿಣಿಯರು ಕಡಿಮೆ ಅಪಾಯದ ಗುಂಪು. ಕಂಡಕ್ಟರು, ಆಟೋದವರು, ತರಕಾರಿ ಮಾರೋರು, ಪೌರಕಾರ್ಮಿಕರು ಮಧ್ಯಮ ಅಪಾಯದ ಗುಂಪು. ವಯಸ್ಸಾದವರು, ಬೇರೆ ಕಾಯಿಲೆ ಇರೋರು ಹೆಚ್ಚು ಅಪಾಯದ ಗುಂಪು.

"ಮಧ್ಯಮಾನಾ? ಬಂದು ಒಂದ್ ವಾರ ಗ್ಲೌಸ್ ಇಲ್ದೆ ನಮ್ ಜೊತೆ ಕಸ ಎತ್ತಕ್ಕೆ ಹೇಳು, ಆಮೇಲೆ ಬರೀಲಿ."

ಸೋಂಕು ಬಂದರೆ ಸಾಯೋ ಅಪಾಯ ಯಾರಿಗೆ ಹೆಚ್ಚು ಅನ್ನೋದು ಅವರ ಲೆಕ್ಕ, ಆ ಅರ್ಥದಲ್ಲಿ ತಪ್ಪಿಲ್ಲ ಅಂತ ವಿವರಿಸಿದೆ. ಅವಳು ಒಪ್ಪಲಿಲ್ಲ. ನನಗೂ ಅವಳ ಮಾತಲ್ಲಿ ಹುರುಳಿದೆ ಅನ್ನಿಸ್ತು. ಗ್ಲೌಸ್ ಇದೆಯಾ ಇಲ್ಲವಾ ಅನ್ನೋದೂ ಒಂದು ಅಂಕಿ ಅಲ್ವಾ? ಮೆಡ್‌ಆರ್ಕೈವ್‌ನಲ್ಲಿ ಕಾಗದದ ಕೆಳಗೇ ಯಾರು ಬೇಕಾದರೂ ಅಭಿಪ್ರಾಯ ಬರೆಯೋಕೆ ಜಾಗ ಇರುತ್ತೆ. ಅವಳ ಮಾತನ್ನ ಇಂಗ್ಲಿಷ್ ಮಾಡಿ ಅಲ್ಲಿ ಹಾಕಬೇಕಿತ್ತು. ನಾಳೆ ಹಾಕೋಣ ಅಂದ್ಕೊಂಡೆ. ಹಾಕಲಿಲ್ಲ. ಅಷ್ಟರಲ್ಲಿ ಅದು ಅಚ್ಚಾಗಿಹೋಯ್ತು. 2018ರಲ್ಲಿ ಓದದೆ ಬರೆದೆ, 2020ರಲ್ಲಿ ಓದಿಯೂ ಬರೀಲಿಲ್ಲ. ಎರಡನೇದು ಇನ್ನೂ ಚುಚ್ಚುತ್ತೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಡ್ತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಜರ್ನಲ್‌ಗಳು. ಒಳ್ಳೇದೇ. ಸರ್ಕಾರಿ ಕಾಲೇಜು, ಸಂಶೋಧನಾ ಸಂಸ್ಥೆಗಳ ಒಳಗಿರೋರಿಗೆ ಅನುಕೂಲ. ಆದರೆ ನನ್ನ ತಂಗಿ ಯಾವ ಸಂಸ್ಥೆಯ ಒಳಗೂ ಇಲ್ಲ, ಮೇಷ್ಟ್ರು ರಿಟೈರ್ಡು, ನಾನಂತೂ ಬೀದಿಯವನು. ನಮಗೆ ಇವತ್ತಿಗೂ ಸಿಗೋದು ತೆರೆದಿಟ್ಟ ಕಾಗದ ಮಾತ್ರ.

ಅಜ್ಜಂಪುರದ ಆ ಹುಡುಗನ ಮೊಬೈಲಿನಲ್ಲಿದ್ದ ಪ್ರಿಪ್ರಿಂಟನ್ನ ಹನ್ನೆರಡು ಪ್ರತಿ ಜೆರಾಕ್ಸ್ ಮಾಡಿಸಿದ್ದೀನಿ. ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತರೀಕೆರೆ ಮೇಷ್ಟ್ರ ಮನೇಲಿ ಕೂತು ಓದ್ತೀವಿ. ಪೆನ್ನು ತನ್ನಿ. ಕೆಳಗೆ ಅಭಿಪ್ರಾಯ ಬರೆಯೋ ಕೆಲಸ ಈ ಸಲ ಅಲ್ಲೇ ಕೂತು ಮುಗಿಸೋದು. ತಂಗೀನೂ ಬರ್ತಾಳೆ, ಅವಳ ಡ್ಯೂಟಿ ಹನ್ನೊಂದಕ್ಕೆ ಮುಗಿಯುತ್ತೆ, ಸ್ವಲ್ಪ ಲೇಟಾಗುತ್ತೆ ಅಂದಿದ್ದಾಳೆ.